ಹನ್ನೆರಡರವರೆಗೆ

ದಿದಾನ ಈಟಿ ಕೇಳಿಕೊಂಡು
ಆಕ್ಲೆಂಡಿನಿಂದ ಒಬ್ಬ ಬಂದಿದ್ದ.
ಹಳೆ ಸಾಮಾನಿನ ವ್ಯಾಪಾರಿ, ಒಳ್ಳೆಯವನೇ.
ಗೋಡೆಗೆ ನೇತುಹಾಕಲು ಚೆನ್ನಾಗಿದೆ ಎಂದ.
ನಿಮ್ಮಜ್ಜ ಇದರಲ್ಲಿ ಏನನ್ನು ಬೇಟೆಯಾಡುತ್ತಿದ್ದ?

ನೆಲವನ್ನು, ಎಂದೆ.

ಅವನಿಗೆ ನಗು ಬಂತು.

ವೈಹಾರಾರಾದ ಜೌಗಿನಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು
ಈ ಕಬ್ಬಿಣವನ್ನು ಕೆಸರೊಳಗೆ ಇಳಿಸುತ್ತಿದ್ದನಂತೆ,
ಅಂಗೈಯಿಂದ ಕೇಳಿಸಿಕೊಳ್ಳುತ್ತ.
ಕಲ್ಲಾದರೆ ಠಣ್.
ಬೇರಾದರೆ ಮಂಕು ಗುದ್ದು.
ರಾಳವಾದರೆ ಮಾತ್ರ
ಬೆಲ್ಲದ ಅಚ್ಚಿಗೆ ಹಲ್ಲು ತಾಗಿದ ಹಾಗೆ.
ಯಾವ ಕಾಲದಲ್ಲೋ ಉರುಳಿದ ಕೌರಿ ಮರಗಳ
ಹೆಪ್ಪುಗಟ್ಟಿದ ಹಾಲು ಅದು.
ಯಾರದೋ ಬಾಗಿಲಿಗೆ ವಾರ್ನಿಷ್ ಆಗಲೆಂದು
ಅಜ್ಜನ ಉಗುರಿನ ಸಂದಿಯಿಂದ ಹಡಗು ಹತ್ತುತ್ತಿತ್ತು.

ಹುಟ್ಟಿದ್ದು ಆಡ್ರಿಯಾಟಿಕ್ ಕಡಲಿನ ಒಂದು ದ್ವೀಪದಲ್ಲಿ,
ಕಲ್ಲು ಎತ್ತಿ ಎತ್ತಿ ಅದರಡಿ
ಬೊಗಸೆ ಮಣ್ಣು ಹುಡುಕಿದವರ ಮಗ.
ಇಲ್ಲಿ ಬಂದು ಮಣ್ಣು ಎತ್ತಿ ಎತ್ತಿ
ಕಲ್ಲಿನಂಥದ್ದನ್ನು ಹುಡುಕಿದ.
ದೇವರು ಹಾಸುವಾಗ ಕಂಬಳಿ ತಿರುವುಮುರುವು ಮಾಡಿದ
ಎನ್ನುತ್ತಿದ್ದ,
ಬೈಗುಳ, ಪ್ರಾರ್ಥನೆ ಎರಡೂ ಒಂದೇ ಉಸಿರಲ್ಲಿ.

ಹೆಸರು ಯೆರ್ಕೊ. ಅಂಗಡಿಯ ಸಾಲದ ಪುಸ್ತಕದಲ್ಲಿ ಜೆರ್ರಿ.
ಯುದ್ಧ ಬಂದಾಗ ಪೊಲೀಸರ ಪಟ್ಟಿಯಲ್ಲಿ ಆಸ್ಟ್ರಿಯಾದವನು.
ಕಣ್ಣಿಂದ ಎಂದೂ ನೋಡದ ಚಕ್ರವರ್ತಿಯ ಪಾಪಕ್ಕೆ
ಎರಡು ಚಳಿಗಾಲ ಜಲ್ಲಿ ಹೊತ್ತ.
ಆ ರಸ್ತೆಯಲ್ಲೇ ಈಗ ಶಾಲೆಯ ಬಸ್ಸು ಬರುತ್ತದೆ.

ಮಾವೊರಿಗಳು ಇಟ್ಟ ಹೆಸರು ತರರಾ,
ತರತರ ತರತರ ಬಾಯಿ ನಿಲ್ಲದ ಜನ ಎಂದು.
ಅಜ್ಜಿ ರಾಹೇರಾ ಮೊದಲು ನಕ್ಕದ್ದು ಆ ಮಾತಿಗೆ.
ಮದುವೆಗೆ ಒಪ್ಪಿದ್ದು
ಅವನು ಒಂದು ಸಂಜೆ ಪೂರ್ತಿ ಸುಮ್ಮನೆ ಕೂತಾಗ.

ರಾಳ ಮುಗಿಯಿತು. ಉಳಿದದ್ದು ಹೊಂಡ.
ಯಾರಿಗೂ ಬೇಡದ ನಲವತ್ತು ಎಕರೆ
ಅಗ್ಗಕ್ಕೆ ಸಿಕ್ಕಿತು ಅವನಿಗೆ.
ತಾನೇ ತೋಡಿದ್ದನ್ನು ತಾನೇ ಮುಚ್ಚುತ್ತ
ಹತ್ತು ವರ್ಷ.
ಮುಚ್ಚಿದಲ್ಲೆಲ್ಲ ದ್ರಾಕ್ಷಿ ನೆಟ್ಟ.
ಒಂದು ಹೊಂಡ ಬಿಟ್ಟಿದ್ದಾನೆ, ಬೇಲಿಯ ಮೂಲೆಯಲ್ಲಿ.
ಕಪ್ಪೆಗಳಿಗೆ, ಎಂದಿದ್ದ.

ನನಗೆ ಏಳು ವರ್ಷ. ಜುಲೈ ಚಳಿ.
ಕತ್ತರಿ ಕೈಗಿಟ್ಟು ಹೇಳಿಕೊಟ್ಟ:
ಎರಡು ಕಣ್ಣು ಬಿಡು, ಮಿಕ್ಕದ್ದು ತೆಗೆ.
ಪಾಪ ಅಲ್ಲವಾ ದಿದಾ?
ಕಣ್ಣೆಲ್ಲ ಉಳಿದರೆ ಬಳ್ಳಿ
ಊರು ನೋಡುತ್ತ ಕೂರುತ್ತದೆ, ಹಣ್ಣು ಬಿಡುವುದಿಲ್ಲ.
ನೀನು ಯಾಕೆ ನಿನ್ನ ದ್ವೀಪಕ್ಕೆ
ಒಂದು ಸಲವೂ ಹೋಗಲಿಲ್ಲ?
ಕತ್ತರಿಸಿದ ಕಡ್ಡಿಗಳನ್ನು ಬಾಚಿ ರಾಶಿಹಾಕುತ್ತ
ಒಲೆಗೆ ಒಳ್ಳೆಯದು, ಎಂದ.
ಕಡ್ಡಿಗಳ ಮಾತೋ, ನನ್ನ ಪ್ರಶ್ನೆಯ ಮಾತೋ
ಇವತ್ತಿಗೂ ಗೊತ್ತಿಲ್ಲ.

ಕುದುರೆಗೆ ಬೈಯುತ್ತಿದ್ದದ್ದು ಇಂಗ್ಲಿಷಿನಲ್ಲಿ,
ಅಜ್ಜಿಯನ್ನು ರಮಿಸುತ್ತಿದ್ದದ್ದು ಮಾವೊರಿಯಲ್ಲಿ.
ಬಳ್ಳಿ ಎಣಿಸುವಾಗ ಮಾತ್ರ
ಯೆದಾನ್, ದ್ವಾ, ತ್ರಿ, ಚೆತಿರಿ.

ಕೊನೆಯ ವಾರ ಆಸ್ಪತ್ರೆಯಲ್ಲಿ
ಹೊದಿಕೆಯನ್ನು ಬೆರಳಿನಿಂದ ಚುಚ್ಚಿ ಚುಚ್ಚಿ ನೋಡುತ್ತಿದ್ದ,
ಇಲ್ಲಿ, ಅಲ್ಲಿ, ಸ್ವಲ್ಪ ಆಚೆ.
ನೋವಾ ಎಂದು ನರ್ಸು ಕೇಳಿದಳು.
ಇಲ್ಲ, ಹುಡುಕುತ್ತಿದ್ದಾನೆ, ಬಿಡು
ಎಂದಳು ಅಜ್ಜಿ.

ವ್ಯಾಪಾರಿ ಬರಿಗೈಯಲ್ಲಿ ಹೋದ.
ಇನ್ನೂರು ಡಾಲರ್ ಕಳೆದೆ ಎಂದು ತಮ್ಮನಿಗೆ ಇನ್ನೂ ಸಿಟ್ಟು.
ಈಟಿ ಎಲ್ಲಿತ್ತೋ ಅಲ್ಲೇ ಇದೆ,
ಕೋಳಿಗೂಡಿನ ಬಾಗಿಲಿಗೆ ಅಗುಳಿಯಾಗಿ.

ಈ ಜುಲೈಯಲ್ಲೂ ಕತ್ತರಿ ಹಿಡಿದಿದ್ದೇನೆ.
ಅವನ ಭಾಷೆಯಲ್ಲಿ ನನಗೆ
ಹನ್ನೆರಡರವರೆಗೆ ಬರುತ್ತದೆ,
ಸಾಲಿಗೆ ಹನ್ನೆರಡೇ ಬಳ್ಳಿ ನೆಟ್ಟಿದ್ದ.
ಹದಿಮೂರಕ್ಕೆ ಏನನ್ನುತ್ತಾರೋ,
ಕೇಳೋಣವೆಂದರೆ ಮನೆಯಲ್ಲಿ ಯಾರೂ ಉಳಿದಿಲ್ಲ.
ದ್ವಾನಾಯೆಸ್ತ್ ಎಂದು
ಕೊನೆಯ ಬಳ್ಳಿಗೆ ಎರಡು ಕಣ್ಣು ಬಿಟ್ಟು,
ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಿ,
ಮುಂದಿನ ಸಾಲಿಗೆ ದಾಟುತ್ತೇನೆ.

ಯೆದಾನ್.