ಗೈರು

ಶಹಾಬಾದಿನ ಖಣಿಗೆ ಇಳಿಯುವಾಗ
ಮೆಟ್ಟಿಲೂ ಸುಣ್ಣಗಲ್ಲೇ, ಗೋಡೆಯೂ ಸುಣ್ಣಗಲ್ಲೇ.
ನನ್ನ ಚೀಲದಲ್ಲಿ ಬಣ್ಣಬಣ್ಣದ ತಖ್ತೆ:
ಕಲ್ಪದೊಳಗೆ ಯುಗ, ಯುಗದೊಳಗೆ ಅವಧಿ,
ಎಲ್ಲಕ್ಕೂ ಎಲ್ಲೆಲ್ಲಿಯದೋ ಹೆಸರು,
ಯಾವುದೋ ಸೀಮೆಯ ಬೆಟ್ಟ, ಯಾವುದೋ ಹಳೆಯ ಕುಲ,
ಕಾಗಿಣಾ ನೀರು ಕುಡಿಯದವರು ಇಟ್ಟದ್ದು.

ಹುಸನಪ್ಪನ ಬಳಿ ತಖ್ತೆ ಇಲ್ಲ.
ಸುತ್ತಿಗೆ ತಿರುವಿ ತಟ್ಟುತ್ತಾನೆ, ಕಿವಿ ಹಚ್ಚುತ್ತಾನೆ.
"ಖಣ್ ಅಂದ್ರ ಇದು ಅತ್ತಿ ಪದರ್ರೀ.
ಬದ್ ಅಂದ್ರ ಸೊಸಿ, ಬಿರುಕು ಒಳಗ ನುಂಗಿರ್ತಾಳ.
ಕೆಳಗಿಂದು ಹಾಲು ಪದರ, ಮಾಳಿಗಿಗಿ ಚಲೋ.
ಅದರ ಕೆಳಗಿಂದು ನಮ್ಮಪ್ಪಂದು."
ಅಪ್ಪಂದು?
"ಅವನ ಉಳಿ ಅಲ್ಲೀತನಕ ಇಳದಿತ್ತು."

ಬರೆದುಕೊಂಡೆ.
ನನ್ನ ಯಾವ ಖಾನೆಗೂ ಕೂಡಲಿಲ್ಲ.

ಒಂದು ಕಾಲ ಮುಗಿದು ಇನ್ನೊಂದು ಶುರುವಾಗುವಲ್ಲಿ,
ಜಗತ್ತಿನಲ್ಲೆಲ್ಲೋ ಒಂದು ಬಂಡೆ ಆರಿಸಿ
ಬಂಗಾರ ಬಣ್ಣದ ಮೊಳೆ ಹೊಡೆಯುತ್ತಾರೆ, ಎಂದೆ.
ನಗು ತಡೆಯದೆ ಕೆಮ್ಮಿದ, ಕೆಮ್ಮಿ ಮತ್ತೆ ನಕ್ಕ:
"ಇಲ್ಲಿ ಹೊಡೀಬ್ಯಾಡ್ರಿ ಬಾಯೋರ,
ಬೆಳಗಾಗೂದ್ರಾಗ ಗಡೀನ ಮಾಯ ಆಗ್ತದ."

ಬುತ್ತಿ ಬಿಚ್ಚಿದ್ದು ಹಳ್ಳದ ದಂಡೆಗೆ.
ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ.
ಎದುರಿನ ಕೊರಕಲಿನಲ್ಲಿ ಕೆಳಗೆ ಸುಣ್ಣಗಲ್ಲು,
ಮೇಲೆ ಬೆಂಕಿಯಾಗಿ ಹರಿದು ಆರಿದ ಕರಿಗಲ್ಲು,
ನಡುವೆ ಬೆರಳಗಲ ಕೆಂಪು ಮಣ್ಣು.

ಇಲ್ಲಿ ಐವತ್ತು ಕೋಟಿ ವರ್ಷಕ್ಕೂ ಹೆಚ್ಚು ಕಾಣೆ, ಎಂದೆ.
ಮೀನು ಬಂತು, ಮರ ಬಂತು,
ಆನೆಗಿಂತ ದೊಡ್ಡ ಹಲ್ಲಿಗಳು ಬಂದು ತಿರುಗಾಡಿದವು,
ಈ ದಂಡೆಗೆ ಅದರ ಒಂದು ಸಾಲೂ ನೆನಪಿಲ್ಲ.
ಕೂತಿತ್ತೋ, ಕೊಚ್ಚಿ ಹೋಯಿತೋ,
ಕೂತೇ ಇರಲಿಲ್ಲವೋ, ಹೇಳಲಾರೆ.

ರೊಟ್ಟಿ ಹಿಡಿದ ಕೈ ಒರೆಸಿಕೊಂಡು
ತುದಿಯಿಲ್ಲದ ತೋರುಬೆರಳನ್ನು
ಆ ಕೆಂಪಿನ ಮೇಲಿಟ್ಟ. ಸರಿಯಾಗಿ ಕೂತಿತು.
"ಮುಕದ್ದಮನ ಹಾಜರಿ ಪುಸ್ತಕದಾಗ
ನಾನೂ ಒಂದ್ ವರ್ಷ ಇಲ್ರೀ.
ಸಾಲಿಡೀ ಗೈರು, ಗೈರು, ಗೈರು.
ಬರದಾವಗ ಆ ವರ್ಷ ಖಾಲಿ.
ನನಗ ಭಾಳ ಉದ್ದಿತ್ತು."

ಏನು ಕೇಳಬೇಕೋ ತಿಳಿಯಲಿಲ್ಲ.
ಪೆನ್ಸಿಲಿನ ಮೊನೆ ಮುರಿದದ್ದು ನೆವವಾಯಿತು.

ಏಳುವ ಮುಂಚೆ ಸುತ್ತಿಗೆ ತಿರುವಿ
ಆ ಮಣ್ಣನ್ನೂ ಒಮ್ಮೆ ತಟ್ಟಿದ.
ಖಣ್ ಅನ್ನಲಿಲ್ಲ, ಬದ್ ಅನ್ನಲಿಲ್ಲ.
ಹೆಸರೂ ಇಡಲಿಲ್ಲ ಅವನು.
ಆದರೂ ಕಿವಿ ಹಚ್ಚಿಯೇ ನಿಂತಿದ್ದ,
ವಾಡಿಯ ಬಸ್ಸು ಮೇಲಿನ ರಸ್ತೆಯಲ್ಲಿ
ಎರಡು ಸಲ ಹಾರನ್ ಹಾಕಿ ಹೋಗುವವರೆಗೆ.