ಹಗ್ಗದ ಆ ತುದಿ

ಚಪ್ಪಲಿ ಬಿಡಬೇಡಿ, ಅಂಗಿ ಬಿಚ್ಚಬೇಡಿ.
ಇವತ್ತು ಯಾರೂ ನೀರಿಗಿಳಿಯೋದಿಲ್ಲ.
ಮೊಕ ಊದಿಸಿಕೊಂಡರೂ ಇಳಿಸೋದಿಲ್ಲ ಕಣ್ರೋ.

'ನೀರಿಗಿಳಿಯದೆ ಈಜು ಬಂದೀತಾ' ಅಂತ
ಗಾದೆ ಹೇಳ್ತೀಯಾ ಧರಣೇಶ?
ಬರೋದಿಲ್ಲ ಮಗ.
ಆದರೆ ಗಾದೆ ಕಟ್ಟಿದವನ ಕಾಲಕ್ಕೆ
ಕೆರೆಯಂಗಳದಲ್ಲಿ ಜೆಸಿಬಿ ಇರಲಿಲ್ಲ.
ಅಗೋ, ಆ ಲಕ್ಕಿಗಿಡದ ನೇರಕ್ಕೆ
ಮೊಣಕಾಲುದ್ದ, ಮೊಣಕಾಲುದ್ದ, ಮೊಣಕಾಲುದ್ದ,
ಆಮೇಲೆ ಒಂದೇ ಹೆಜ್ಜೆಗೆ ಎರಡಾಳು.
ಮಣ್ಣು ಯಾರ ಇಟ್ಟಿಗೆ ಗೂಡಿಗೆ ಹೋಯಿತೋ,
ಗುಂಡಿ ಮಾತ್ರ ಇಲ್ಲೇ ಉಳಿಯಿತು.
ಹೇಮಾವತಿ ನಾಲೆಯ ನೀರು ಬಂದು
ಮೇಲೆ ಕಂಬಳಿ ಹೊದಿಸಿತು.

ನನ್ನ ಹೆಸರು ಗೊತ್ತಲ್ಲ.
ಮೂರು ಕೂಸು ಕಳಕೊಂಡ ಅವ್ವ
ಜವರಾಯ ತನ್ನ ಹೆಸರಿನವನನ್ನು ಮುಟ್ಟಲಾರ ಅಂತ
ಜವರ ಅಂತಲೇ ಇಟ್ಟಳು.
ಮುಟ್ಟಲಿಲ್ಲ, ನಿಜ.
ಕೆಲಸಕ್ಕಿಟ್ಟುಕೊಂಡ.

ಚನ್ನರಾಯಪಟ್ಟಣದ ಠಾಣೆಯಿಂದ ಫೋನ್ ಬಂದರೆ
ಹರಿಗೋಲು ಟೆಂಪೋಗೆ ಹಾಕ್ಕೊಂಡು ಹೋಗ್ತೀನಿ.
ಯಾವಾಗ ಕರೆದರೂ ತಡವಾಗಿಯೇ ಕರೀತಾರೆ.
ಇಪ್ಪತ್ತಮೂರು ಜನಾನ ಎತ್ತಿದ್ದೀನಿ ಈ ಕೈಯಲ್ಲಿ,
ಒಬ್ಬರಾದರೂ 'ಅಣ್ಣಾ, ಮೆಲ್ಲಗೆ' ಅಂದಿಲ್ಲ.

ಈಜು ಬಲ್ಲವರೂ ಇದ್ದರು ಅದರಲ್ಲಿ.
ಗಣಪತಿ ಬಿಡೋಕೆ ಹೋದ ಅಣ್ಣತಮ್ಮ:
ತಮ್ಮ ಜಾರಿದ, ಅಣ್ಣ ನೆಗೆದ.
ಈ ದಡದಿಂದ ಆ ದಡಕ್ಕೆ ಹೋಗಿಬರುವ ಅಣ್ಣ.
ತಮ್ಮನ ಕೈ ಅವನ ಕತ್ತಿನಿಂದ ಬಿಡಿಸೋಕೆ
ನನಗೆ ಬಹಳ ಹೊತ್ತು ಹಿಡೀತು.

ಮುಳುಗೋನಿಗೆ ಹುಲ್ಲುಕಡ್ಡಿ ಆಸರೆ ಅಂತೀರಲ್ಲ,
ಆ ಕಡ್ಡಿ ನೀವಾಗಬೇಡಿ.
ಕೋಲು ಚಾಚಿ. ಮಕಾಡೆ ಮಲಗಿ ಚಾಚಿ,
ನಿಂತು ಚಾಚಿದರೆ ಅವನೇ ನಿಮ್ಮನ್ನು ಎಳಕೊಳ್ತಾನೆ.
ಕೋಲಿಲ್ಲವಾ, ಪಂಚೆ. ಪಂಚೆ ಇಲ್ಲವಾ, ವೇಲು, ಸೀರೆ.
ಮಾನ ಆಮೇಲೆ ಹುಡುಕೋಣ,
ಮೊದಲು ಉಸಿರು ಸಿಕ್ಕಲಿ.

ಇನ್ನೊಂದು. ಮುಳುಗೋನು ಕೂಗೋದಿಲ್ಲ.
ಸಿನಿಮಾದಲ್ಲಿ ಕೂಗ್ತಾನೆ.
ಕೆರೆಯಲ್ಲಿ ಅವನ ಬಾಯಿಗೆ ಬೇರೆ ಕೆಲಸ ಇರುತ್ತೆ.
ಕಾಣದ ಏಣಿ ಹತ್ತೋ ಹಾಗೆ ಕೈ ಆಡಿಸ್ತಾನೆ,
ತಲೆ ಹಿಂದಕ್ಕೆ, ಕಣ್ಣು ನಿಮ್ಮ ಮೇಲಿದ್ದೂ ಇಲ್ಲದ ಹಾಗೆ.
ಒಗೆಯೋ ಕಲ್ಲಿನ ಹತ್ತಿರ ನಾಲ್ಕು ಜನ ಆಡ್ತಿದ್ದು
ಮೂವರ ನಗು ಕೇಳಿಸಿದರೆ
ನಾಲ್ಕನೆಯವನನ್ನು ಹುಡುಕಿ.

*

ಮೂರನೇ ಭಾನುವಾರ ಇಳಿಸಿದೆ,
ಲಕ್ಕಿಗಿಡದಿಂದ ದೂರ, ತೂಬಿನಿಂದಲೂ ದೂರ.
ಬೆನ್ನಿಗೆ ಒಣಸೋರೆ ಬುರುಡೆ.
ಈಜು ಆಮೇಲೆ, ತೇಲೋದು ಮೊದಲು:
ಹೊಟ್ಟೆ ಆಕಾಶಕ್ಕೆ, ಕಿವಿ ನೀರೊಳಗೆ.
'ಮೀನು ಮಾತಾಡೋದು ಕೇಳ್ತದಾ ಅಣ್ಣ?' ಅಂದಳು ತಸ್ಲೀಮಾ.
ಸುಮ್ಮನಿದ್ದರೆ ಕೇಳ್ತದೆ, ಅಂದೆ.
ಸುಳ್ಳು.
ಆದರೆ ಮಗು ಸುಮ್ಮನಾಯಿತು. ತೇಲಿತು.

ಆಮೇಲೆ ಆಟ. ತಸ್ಲೀಮಾ ಮುಳುಗೋಳು, ಧರಣೇಶ ದಡದವನು.
ಐದು ಲೀಟರಿನ ಎಣ್ಣೆ ಕ್ಯಾನು, ಬಿರಡೆ ಬಿಗಿದು,
ಹಿಡಿಗೆ ಹೊಸ ಹಗ್ಗ.
ಮೊದಲನೇ ಎಸೆತ ಜೊಂಡಿಗೆ ಬಿತ್ತು.
ಎರಡನೇದನ್ನು ಗಾಳಿ ಕೊಂಡೊಯ್ದಿತು.
ಮೂರನೇದು ಅವಳ ಭುಜ ದಾಟಿ ಆಚೆ,
ಬೀಳಬೇಕಾದಲ್ಲೇ ಬಿತ್ತು.
ಹುಡುಗನ ಕೈ ಸೋತಿತ್ತು, ನಾನು ಹಗ್ಗ ತಗೊಂಡೆ.
ಎಳೆದೆ. ಅಭ್ಯಾಸ ನೋಡಿ,
ಕಣ್ಣು ಬೇರೆ ಕಡೆ ಇಟ್ಟುಕೊಂಡು,
ಕಲ್ಲು ಮುಳ್ಳು ನೋಡದೆ,
ತೂಕಕ್ಕೆ ನೋವಿಲ್ಲ ಅನ್ನೋ ಹಾಗೆ.

ಆ ತುದಿಯಿಂದ ಬೈಗುಳ ಬಂತು:
'ಅಣ್ಣಾ, ಮೆಲ್ಲಗೆ! ಮೊಣಕೈ ತರಚಿತು!'

ಹಗ್ಗ ಬಿಟ್ಟುಬಿಟ್ಟೆ.
'ಬಿಡಬಾರದು ಅಂತ ನೀವೇ ಹೇಳಿದ್ದು' ಅಂದ ಧರಣೇಶ.
ಹೌದು ಮಗ, ತಪ್ಪು. ನೀನು ಹಿಡಿ.
ಒಂದು ಬೀಡಿ ಹಚ್ಚಿಕೊಂಡು ಬರ್ತೀನಿ ಅಂತ
ಏರಿಯ ಆ ಕಡೆಗೆ ಇಳಿದೆ.
ಬೆಂಕಿಪೊಟ್ಟಣ ನೆನೆದದ್ದು ಗೊತ್ತಿತ್ತು.