ಹಡಗು ಓಡಿಸುವ ನಾಯಿ

ಆರು ತಿಂಗಳಿಗೊಮ್ಮೆ ಪುಟ್ಟ ವಿಮಾನ ಹತ್ತಿ
ಅಬರ್ಡೀನಿಗೆ ಹೋಗಿ, ಕುರ್ಚಿಗೆ ಒರಗಿ,
ಹನಿ ಹನಿಯಾಗಿ ಒಳಗಿಳಿಯುವ ಮದ್ದನ್ನು
ನೋಡುತ್ತ ಕೂತು ಬಂದಿದ್ದೇನೆ, ಎಂಟು ವರ್ಷ.
ಮೊನ್ನೆ ಡಾಕ್ಟರು ಕೇಳಿದರು
(ನನ್ನ ಮೊಮ್ಮಗನಷ್ಟು ವಯಸ್ಸು, ಟೈ ಇಲ್ಲ):
"ಥೋರಾ, ನಿಲ್ಲಿಸೋಣವೇ?"

ಸ್ಕ್ಯಾನಿನಲ್ಲಿ ಅವೇ ಬಿಳಿ ಚುಕ್ಕೆಗಳು,
ಒಂದೂ ಹೆಚ್ಚಿಲ್ಲ, ಒಂದೂ ಅಳಿಸಿಲ್ಲ.
ಹೋದ ಚಳಿಗಾಲ ಮಾತ್ರ ಎದೆಗೆ ಕಫ ಕಟ್ಟಿ
ಎರಡು ಸಲ ಆಸ್ಪತ್ರೆ.
"ಮದ್ದು ರೋಗದ ಜೊತೆಗೆ ಕಾವಲನ್ನೂ ಮಲಗಿಸುತ್ತೆ.
ಎಪ್ಪತ್ತಕ್ಕೆ ಯಾವುದು ಹೆಚ್ಚು ಅಪಾಯ,
ಹೇಳಲಾರೆ" ಎಂದರು.
ಹೇಳಲಾರೆ ಎಂದ ಮೊದಲ ಡಾಕ್ಟರು.
ಅಷ್ಟಕ್ಕೇ ಇಷ್ಟವಾದರು.

ಪ್ರಯೋಗಕ್ಕೆ ಐವತ್ತೈದರವರೆಗಿನವರನ್ನು ಮಾತ್ರ
ಸೇರಿಸಿಕೊಂಡಿದ್ದರಂತೆ.
ಅಪ್ಪನ ಹಳೆಯ ಕಡಲ ನಕ್ಷೆ ನೆನಪಾಯಿತು:
ಆಳದ ಅಂಕಿಗಳು ಸಾಲಾಗಿ ಬಂದು, ಬಂದು,
ಒಂದು ಕಡೆ ಥಟ್ಟನೆ ನಿಂತು
ಆಚೆ ಬರೀ ಕಾಗದ.
"ಅಲ್ಲೇನಿದೆ?" ಎಂದರೆ ಅಪ್ಪ:
"ನೀರು. ಇನ್ನೇನಿರುತ್ತೆ."

ನಮ್ಮ ಸ್ಟ್ರಾಮ್ನೆಸ್ಸಿನ ಹಡಗುಕಟ್ಟೆಯ ಮೇಲೆ ಒಂದು ನಾಯಿ.
ಸಂಜೆಯ ಹಡಗು ಬಂದರೆ ಸಾಕು,
ಅದು ಹಗ್ಗ ಬಿಚ್ಚಿ, ತಿರುಗಿ, ಹೊರಡುವ ತನಕ ಬೊಗಳಿ
ಓಡಿಸಿಬಿಟ್ಟೆನೆಂದು ಬಾಲವೆತ್ತಿ ಮನೆಗೆ ಹೋಗುತ್ತದೆ.
ಟಿಕೆಟ್ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವಳು,
ವೇಳಾಪಟ್ಟಿ ನನಗೆ ಗೊತ್ತು.
ಅದಕ್ಕೆ ಗೊತ್ತಿಲ್ಲ.

ಈ ಮದ್ದು ಆ ನಾಯಿಯೋ?
ರೋಗ ತಾನೇ ಮುದಿಯಾಗಿ ಎಂದೋ ಹೊರಟುಹೋಗಿತ್ತೋ?
ಒಂದು ದಿನ ನಾಯಿಯನ್ನು ಕಟ್ಟಿಹಾಕಿದರೆ ತಿಳಿದೀತು.
ಆದರೆ ಅವತ್ತೇ ಹಡಗು ಹೊರಡದೆ ನಿಂತರೆ
ಅದು ನಿಲ್ಲುವುದು ನನ್ನ ಎಡಗಾಲಿನ ಮೇಲೆ.

ತಂಗಿ ಇಂಗಾಳಿಗೂ ಇದೇ ಕಾಯಿಲೆ.
ಅವಳ ಕಾಲಕ್ಕೆ ಮದ್ದಿರಲಿಲ್ಲ. ಆರಿಸುವ ಕಷ್ಟವೂ.
ನಲವತ್ತೊಂದಕ್ಕೆ ಚಮಚ ಹಿಡಿಯಲಾಗದೆ
ನನ್ನನ್ನು ನೋಡಿ ನಕ್ಕಿದ್ದಳು, ಗಲ್ಲದ ಮೇಲೆ ಸೂಪು.
ಅದನ್ನು ಒರೆಸಿದ ಬಟ್ಟೆಯೇ ಇಷ್ಟು ವರ್ಷ
ನನ್ನನ್ನು ವಿಮಾನ ಹತ್ತಿಸಿದ್ದು.

ಎರ್ಲೆಂಡ್ "ನಿನ್ನಿಷ್ಟ" ಅನ್ನುತ್ತಾನೆ.
ನಲವತ್ತಾರು ವರ್ಷದಿಂದ, ಪರದೆಯ ಬಣ್ಣಕ್ಕೂ ಇದೇ ಉತ್ತರ.
ರಾತ್ರಿ ಮಾತ್ರ, ನನಗೆ ನಿದ್ದೆ ಬಂತೆಂದುಕೊಂಡು,
ಹೊದಿಕೆಯ ಕೆಳಗೆ ನನ್ನ ಪಾದವನ್ನು ತನ್ನ ಪಾದದಿಂದ
ಮೆಲ್ಲಗೆ ತಟ್ಟಿ ನೋಡುತ್ತಾನೆ.
ಬೆರಳು ಮಿಸುಕಿಸುತ್ತೇನೆ.
ಆಮೇಲೆ ಅವನ ಗೊರಕೆ.

ಇವತ್ತು ಆಗಸ್ಟಿನ ಟಿಕೆಟ್ಟು ರದ್ದು ಮಾಡಿದೆ.
ಫೆಬ್ರವರಿಯದ್ದು ಇಟ್ಟುಕೊಂಡಿದ್ದೇನೆ.
ಕ್ಲಿನಿಕ್ಕಿನ ಹುಡುಗಿ ಫೋನಿನಲ್ಲಿ ಕಾರಣ ಕೇಳಿದಳು,
ಯಾವುದೋ ಕಾಲಂ ತುಂಬಬೇಕಂತೆ.
"ನಾಯಿಯನ್ನು ಕಟ್ಟಿಹಾಕಿದ್ದೇನೆ" ಎಂದೆ.
ಸ್ವಲ್ಪ ಹೊತ್ತು ಕೀಲಿಗಳ ಸದ್ದಿಲ್ಲ.
"ಕಚ್ಚುತ್ತದಾ?" ಅಂದಳು.

ಎರಡು ಸಲ, ಮಗಾ. ಹೋದ ಚಳಿಗಾಲ.